ಬಾಕ್ಸಿಂಗ್ ಪೇ-ಪರ್-ವ್ಯೂ ದುಡ್ಡು ಯಾರ್ಯಾರಿಗೆ ಹಂಚಿಹೋಗುತ್ತದೆ? ಮನೆಯ ಅಕೌಂಟಿನಲ್ಲಿ ಕೊಂಡು ರೆಸ್ಟೋರೆಂಟಿನಲ್ಲಿ ಹಾಕಬಹುದಾ?

ಪೇ-ಪರ್-ವ್ಯೂ, ಅಂದರೆ ಒಂದು ಪಂದ್ಯಕ್ಕೆಂದೇ ಬೇರೆ ದುಡ್ಡು ಕಟ್ಟಿ ಟಿವಿಯಲ್ಲಿ ನೋಡುವುದು. ಅದನ್ನು ನಿಮ್ಮ ಚಿಕ್ಕ ರೆಸ್ಟೋರೆಂಟಿನಲ್ಲಿ ಹಾಕಿ ತಲೆಗೆ 20 ಡಾಲರ್ ಪ್ರವೇಶ ಶುಲ್ಕ ತಗೊಳ್ಳಬೇಕು ಅಂತಿದ್ದೀರಿ. "ನಾನು ದುಡ್ಡು ಕಟ್ಟಿಯೇ ಕೊಳ್ಳುತ್ತೇನೆ, ಅದು ಎಲ್ಲರಿಗೂ ಹಂಚಿಹೋಗುತ್ತೆ, ಆಮೇಲೆ ನನ್ನ ಟಿವಿ ಮುಂದೆ ಎಷ್ಟು ಜನ ಕೂತರೇನು" ಅಂತ ಬರೆದಿದ್ದೀರಿ. ಇದೇ ಮಾತನ್ನು 2015ರ ಏಪ್ರಿಲ್‌ನಲ್ಲಿ ನನ್ನ ಷಡ್ಡಕ ಹೇಳಿದ್ದ. ನಾನು ಹೂಂ ಅಂದಿದ್ದೆ.

ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನಮ್ಮಿಬ್ಬರ ಪಾಲುದಾರಿಕೆಯ ಚಿಕ್ಕ ಹೋಟೆಲ್ ಇತ್ತು. 42 ಕುರ್ಚಿ. ಮಧ್ಯಾಹ್ನ ಥಾಲಿ, ರಾತ್ರಿ ಬಿರಿಯಾನಿ, ತಂದೂರಿ ವಿಂಗ್ಸ್. ಹತ್ತಿರದ ಆಸ್ಪತ್ರೆಯ ಫಿಲಿಪ್ಪೀನ್ಸ್ ನರ್ಸ್‌ಗಳು ನಮ್ಮ ಖಾಯಂ ಗಿರಾಕಿಗಳು. ಮೇ 2ಕ್ಕೆ ಲಾಸ್ ವೇಗಸ್‌ನಲ್ಲಿ ಅಮೆರಿಕದ ಮೇವೆದರ್, ಫಿಲಿಪ್ಪೀನ್ಸ್‌ನ ಪ್ಯಾಕಿಯಾವ್ ನಡುವೆ ಬಾಕ್ಸಿಂಗ್ ಪಂದ್ಯ. ನಮಗೆ ರಾಜಕುಮಾರ್ ಹೇಗೋ ಅವರಿಗೆ ಪ್ಯಾಕಿಯಾವ್ ಹಾಗೆ. (ಅವನು ರಾಜಕೀಯಕ್ಕೂ ಇಳಿದಿದ್ದ, ಅದು ಬೇರೆ ಮಾತು.) "ಅಣ್ಣಾ, ನಿಮ್ಮಲ್ಲಿ ಹಾಕಿ, ನಾವೆಲ್ಲ ಬರ್ತೀವಿ" ಅನ್ನೋ ಅರ್ಥದಲ್ಲಿ ಅವರು ದಿನಾ ಕೇಳುತ್ತಿದ್ದರು.

ಮನೆಯ ಕೇಬಲ್ ಅಕೌಂಟಿನಲ್ಲಿ ಎಚ್‌ಡಿ ಬೆಲೆ 99.95 ಡಾಲರ್. ಆರ್ಡರ್ ಮಾಡಿದೆ. ಕೇಬಲ್ ಬಾಕ್ಸನ್ನು ಟವೆಲ್‌ನಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಕೂರಿಸಿ ಹೋಟೆಲಿಗೆ ತಂದೆ. ಬಾಗಿಲಲ್ಲಿ ತಲೆಗೆ 10 ಡಾಲರ್. ಒಳಗೆ ಕಾಲಿಡಲು ಜಾಗ ಇರಲಿಲ್ಲ. ದೇಶದ ತುಂಬ ಕೊನೇ ಗಳಿಗೆಯ ಆರ್ಡರ್‌ಗಳು ಮುಗಿಬಿದ್ದು ಕೇಬಲ್‌ನವರ ಸಿಸ್ಟಮ್ಮೇ ಕೈಕೊಟ್ಟಿತು, ಪಂದ್ಯ ತಡವಾಯಿತು. ನಮಗೆ ಅದೂ ಲಾಭವೇ. ಇನ್ನೊಂದು ರೌಂಡ್ ವಿಂಗ್ಸ್ ಹೋಯಿತು. ಪಂದ್ಯ ಮಾತ್ರ ಸಪ್ಪೆ. ಮೇವೆದರ್ ಪಾಯಿಂಟ್ಸ್ ಮೇಲೆ ಗೆದ್ದ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ 99.95 ಡಾಲರನ್ನು ನಾನು ಪಂದ್ಯದ ಬೆಲೆ ಅಂದುಕೊಂಡಿದ್ದೆ. ಅದು ಒಂದು ಮನೆಯಲ್ಲಿ ನೋಡುವುದಕ್ಕೆ ಕೊಡುವ ಅನುಮತಿಯ ಬೆಲೆ. ಬಾರ್, ಹೋಟೆಲುಗಳಲ್ಲಿ ತೋರಿಸುವ ಹಕ್ಕನ್ನು ಪಂದ್ಯ ಏರ್ಪಡಿಸುವ ಪ್ರಮೋಟರ್‌ಗಳು ಬೇರೆಯಾಗಿ, ಬೇರೆ ಕಂಪನಿಗೆ ಮಾರಿರುತ್ತಾರೆ. ಆ ಕಂಪನಿ ನಮ್ಮಂಥವರಿಗೆ ಲೈಸೆನ್ಸ್ ಕೊಡುತ್ತದೆ. ರೇಟು ಹೇಗೆ ಗೊತ್ತಾ? ಬೆಂಕಿ ಸುರಕ್ಷತೆಯವರು ಗೋಡೆಗೆ ಹಾಕಿಸುವ ಬೋರ್ಡ್ ಇರುತ್ತಲ್ಲ, ಗರಿಷ್ಠ ಇಷ್ಟೇ ಜನ ಅಂತ, ಆ ಸಂಖ್ಯೆಯ ಲೆಕ್ಕದಲ್ಲಿ. ನಮ್ಮ ಬೋರ್ಡಿನಲ್ಲಿ 60 ಅಂತ ಇತ್ತು. ಅದರ ಮೇಲಿನ ಧೂಳನ್ನು ವಾರಕ್ಕೊಮ್ಮೆ ನಾನೇ ಒರೆಸುತ್ತಿದ್ದೆ. ಅದಕ್ಕೂ ಬಾಕ್ಸಿಂಗಿಗೂ ಸಂಬಂಧ ಇದೆ ಅಂತ ಯಾರು ಅಂದುಕೊಳ್ಳುತ್ತಾರೆ? ಅಷ್ಟು ದೊಡ್ಡ ಪಂದ್ಯಕ್ಕೆ ನಮ್ಮಷ್ಟು ಚಿಕ್ಕ ಜಾಗಕ್ಕೂ ಸಾವಿರಾರು ಡಾಲರ್ ಆಗುತ್ತಿತ್ತು. ಅಂದರೆ ನಾನು ಕಟ್ಟಿದ ದುಡ್ಡು ಉಳಿದವರಿಗೆಲ್ಲ ಹಂಚಿಹೋಯಿತು ನಿಜ. ಆದರೆ ಆ ಕಂಪನಿಗೆ ಅದರಲ್ಲಿ ಒಂದು ಸೆಂಟೂ ಇಲ್ಲ. ನಾನು ತಿಂದಿದ್ದು ಸರಿಯಾಗಿ ಅವರ ಪಾಲನ್ನೇ.

ಯಾರಿಗೆ ಎಷ್ಟು ಪರ್ಸೆಂಟ್ ಅಂತ ಪಟ್ಟಿ ಕೇಳಿದ್ದೀರಿ. ಅಂಥ ಒಂದೇ ಪಟ್ಟಿ ಇಲ್ಲ, ಪಂದ್ಯಕ್ಕೊಂದು ಕರಾರು. ವಾಡಿಕೆ ಇಷ್ಟು: ಮೊದಲ ತುತ್ತು ಕೇಬಲ್, ಸ್ಯಾಟಲೈಟ್‌ನವರದ್ದು, ಹಿಂದೆಲ್ಲ ಹೆಚ್ಚುಕಡಿಮೆ ಅರ್ಧ. ಭಾರೀ ಪಂದ್ಯವಾದರೆ ಪ್ರಮೋಟರ್‌ಗಳು ಜಗ್ಗಾಡಿ ಅದನ್ನು ಇಳಿಸುತ್ತಾರೆ. ಆಮೇಲೆ ಚಾನೆಲ್‌ನವರ ಪಾಲು. ಆ ರಾತ್ರಿ ಎಚ್‌ಬಿಒ, ಶೋಟೈಮ್ ಇಬ್ಬರೂ ಸೇರಿ ತೋರಿಸಿದ್ದರು. ಉಳಿದದ್ದಕ್ಕೆ ಗೇಟಿನ ದುಡ್ಡು (ಪಂದ್ಯದ ಟಿಕೆಟ್ ಮಾರಿ ಬಂದದ್ದು), ವಿದೇಶಿ ಟಿವಿ, ಸ್ಪಾನ್ಸರ್, ನಮ್ಮಂಥ ಬಾರ್‌ಗಳಿಂದ ಬಂದದ್ದು ಎಲ್ಲ ಸೇರಿ, ಖರ್ಚು ಕಳೆದು, ಎರಡೂ ಕಡೆಗೆ ಹಂಚಿಕೆ. ಅಮೆರಿಕದಲ್ಲೇ 46 ಲಕ್ಷ ಆರ್ಡರ್, 40 ಕೋಟಿ ಡಾಲರ್‌ಗಿಂತ ಜಾಸ್ತಿ. ಮೇವೆದರ್ ಕಡೆಗೆ 60 ಪರ್ಸೆಂಟ್, ಪ್ಯಾಕಿಯಾವ್ ಕಡೆಗೆ 40. "ಕಡೆಗೆ" ಅನ್ನೋದನ್ನು ಗಮನಿಸಿ. ಆ 40ರಲ್ಲೇ ಅವನ ಪ್ರಮೋಟರ್ ಟಾಪ್ ರ್‍ಯಾಂಕ್ ಕೂಡ ಇತ್ತು. ಆಮೇಲೆ ಮ್ಯಾನೇಜರ್, ಕೋಚ್, ತೆರಿಗೆ.

2007ರಲ್ಲಿ ಇದೇ ಮೇವೆದರ್ ಆಸ್ಕರ್ ಡಿ ಲಾ ಹೋಯಾನನ್ನು ಸೋಲಿಸಿದ. ಗೆದ್ದವನಿಗೆ ಸಿಕ್ಕಿದ್ದು ಸುಮಾರು 2.5 ಕೋಟಿ ಡಾಲರ್, ಸೋತವನಿಗೆ ಅದರ ಎರಡರಷ್ಟು. ಜನ ನೋಡಲು ಬಂದದ್ದು ಡಿ ಲಾ ಹೋಯಾನನ್ನು, ಪ್ರಮೋಟ್ ಮಾಡಿದ್ದೂ ಅವನದೇ ಕಂಪನಿ. ಹಾಗಾಗಿ ಪರ್ಸೆಂಟ್ ಲೆಕ್ಕಕ್ಕಿಂತ ಹಕ್ಕು ಯಾರ ಕೈಯಲ್ಲಿದೆ ಅಂತ ನೋಡಿ. ಹೊಡೆಸಿಕೊಳ್ಳುವವನಿಗೇ ಲೆಕ್ಕ ಸಿಗುತ್ತಿರಲಿಲ್ಲ. ಪಂದ್ಯದಿಂದ ಪ್ರಮೋಟರಿಗೆ ಎಷ್ಟು ಬಂತು ಅಂತ ಬಾಕ್ಸರ್‌ಗೆ ತಿಳಿಸಲೇಬೇಕು ಅಂತ 2000ದಲ್ಲಿ ಕಾನೂನು ಮಾಡಬೇಕಾಯಿತು. ಮುಹಮ್ಮದ್ ಅಲಿ ಹೆಸರಿನ ಕಾನೂನು ಅದು.

ಸರಿ, ನನ್ನ ಕಥೆಗೆ ಬರುತ್ತೇನೆ. ಆ ರಾತ್ರಿ ಮೂಲೆಯ ಟೇಬಲಿನಲ್ಲಿ ಒಬ್ಬನೇ ಒಂದು ಕೋಕ್ ಇಟ್ಟುಕೊಂಡು ಕೂತಿದ್ದ. ಪಾಪ, ಒಂಟಿ ಅಂತ ನಾನೇ ಹೋಗಿ ಹಪ್ಪಳ ಕೊಟ್ಟು ಬಂದೆ. ದೀಪಾವಳಿ ಹೊತ್ತಿಗೆ ಆ ಲೈಸೆನ್ಸ್ ಕಂಪನಿಯ ವಕೀಲರ ಕಾಗದ ಬಂತು, ಜೊತೆಗೆ ಅವನ ಅಫಿಡವಿಟ್. ಅವನು ಕಂಪನಿಯೇ ಕಳಿಸಿದ್ದ ತನಿಖೆದಾರ. ಎಷ್ಟು ಟಿವಿ, ಎಷ್ಟು ಇಂಚು, ಮೂರು ಸಲ ಎಣಿಸಿದ ತಲೆಗಳ ಲೆಕ್ಕ, ಹೊರಗೆ ನಿಂತಿದ್ದ ಕಾರುಗಳ ನಂಬರ್, ಗೋಡೆಯ ಬಣ್ಣ, ಕೌಂಟರ್ ಮೇಲಿನ ಗಣಪತಿ. ಗಣಪತಿಯನ್ನು "ಆನೆಯ ಪ್ರತಿಮೆ" ಅಂತ ಬರೆದಿದ್ದ.

ಫೆಡರಲ್ ಕಾನೂನಿನ ಸೆಕ್ಷನ್ 553 ಪ್ರಕಾರ ಕೇಬಲ್ ಮೂಲಕ ಮಾಡಿದ ಇಂಥದ್ದಕ್ಕೆ 250ರಿಂದ 10,000 ಡಾಲರ್ ಪರಿಹಾರ. ಬೇಕಂತಲೇ, ಲಾಭಕ್ಕೆ ಮಾಡಿದ್ದು ಅಂತಾದರೆ ಅದರ ಮೇಲೆ 50,000 ತನಕ ಹೆಚ್ಚಿಸಬಹುದು. ಎಲ್ಎಲ್‌ಸಿ ಇದೆಯಲ್ಲ, ಹೊಣೆ ಕಂಪನಿಯದ್ದು, ನಮ್ಮ ಸ್ವಂತ ದುಡ್ಡಿಗೆ ಕೈ ಹಾಕಲ್ಲ ಅಂತ ಷಡ್ಡಕ ಧೈರ್ಯ ಹೇಳಿದ. ಕಾಗದದಲ್ಲಿ ಹೋಟೆಲಿನ ಹೆಸರಿನ ಕೆಳಗೆ ನಮ್ಮಿಬ್ಬರ ಹೆಸರೂ ಇತ್ತು. ರಾಜಿ, ವಕೀಲರ ಫೀಸು ಎಲ್ಲ ಸೇರಿ 16,000 ಡಾಲರ್ ಕೊಟ್ಟೆವು. ಆ ರಾತ್ರಿಯ ಒಟ್ಟು ವ್ಯಾಪಾರ 2,100.

ನೀವು ಅಷ್ಟು ಚಿಕ್ಕ ಜಾಗದಲ್ಲಿ ಬಾಕ್ಸಿಂಗ್ ಹಾಕಲೇಬೇಡಿ. ಲೈಸೆನ್ಸ್ ತಗೊಂಡರೆ ವಿಂಗ್ಸ್ ಮಾರಿ ಆ ದುಡ್ಡು ಎತ್ತಲು ಆಗಲ್ಲ, ತಗೊಳ್ಳದಿದ್ದರೆ ನನ್ನ ಗತಿ. ಈಗ ಎಲ್ಲ ಆ್ಯಪ್ ಅಲ್ವಾ ಅಂತೀರಾ? ಆ್ಯಪ್‌ನ ಷರತ್ತು ಓದಿ, ಅಲ್ಲೂ ಮನೆ ಬಳಕೆಗೆ ಮಾತ್ರ ಅಂತಲೇ ಇರುತ್ತೆ. ಐಪಿಎಲ್ ಹಾಕ್ತೀನಿ ಅಂದರೂ ಮೊದಲು ಕಮರ್ಷಿಯಲ್ ಲೈಸೆನ್ಸ್ ವಿಚಾರಿಸಿ. ಫೈಟ್ ನೋಡುವ ಆಸೆ ಇದ್ದರೆ ಒಂಬತ್ತಕ್ಕೆ ಶಟರ್ ಎಳೆದು ಮನೆಗೆ ಹೋಗಿ, ನಾಲ್ಕು ಜನ ಸ್ನೇಹಿತರನ್ನು ಸುಮ್ನೆ ಕರೆಯಿರಿ, ದುಡ್ಡು ಇಸ್ಕೋಬೇಡಿ.

ಇನ್ನು ತಲೆಗೆ 20 ಡಾಲರ್ ಪ್ರವೇಶ ಶುಲ್ಕದ ಯೋಚನೆ. ಲಾಭಕ್ಕೇ ಮಾಡಿದ್ದು ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ. ನಾವು ಕೊಟ್ಟ 10 ಡಾಲರಿನ ಚೀಟಿ ಅಫಿಡವಿಟ್‌ಗೆ ಸ್ಟೇಪಲ್ ಆಗಿತ್ತು, ಅದರ ಹಿಂದೆ ಕೋಕ್ ಬಿಲ್ಲು. ಮೂರು ಡಾಲರ್ ಟಿಪ್ಸ್ ಕೂಡ ಇಟ್ಟು ಹೋಗಿದ್ದ.