ಕೈ ಹಳೆಯ ವಾದ್ಯದ ಕಡೆಗೇ ಏಕೆ ಹೋಗುತ್ತದೆ?

ಪ್ರಶ್ನೆ: ನಾನು 12 ವರ್ಷಗಳಿಂದ ಪಿಟೀಲು ನುಡಿಸುತ್ತಿದ್ದೇನೆ. ಕಳೆದ ವರ್ಷ ಹೊಸದೊಂದನ್ನು ಕೊಂಡೆ. ಕೇಳಿದವರೆಲ್ಲರೂ ಹೊಸದರ ನಾದವೇ ಮೇಲು ಎನ್ನುತ್ತಾರೆ. ಆದರೂ ಅಭ್ಯಾಸಕ್ಕೆ ಕುಳಿತಾಗ ನನ್ನ ಕೈ ಹಳೆಯದರ ಕಡೆಗೇ ಹೋಗುತ್ತದೆ. ದೊಡ್ಡ ಸಂಗೀತಗಾರರೂ ಒಂದೇ ವಾದ್ಯಕ್ಕೆ ಅಂಟಿಕೊಂಡಿದ್ದರೆಂದು ಓದಿದ್ದೇನೆ. ಇದಕ್ಕೆ ಕಾರಣ ನಾದದ ಗುಣವೋ, ಬರೀ ಮಮತೆಯೋ? ಹಳೆಯದನ್ನು ಮಾರಿಬಿಡಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ‘ಕೇಳಿದವರೆಲ್ಲರೂ’ ಎಂಬ ಮಾತಿದೆಯಲ್ಲ, ಗಂಟು ಇರುವುದು ಅಲ್ಲಿಯೇ. ಕೇಳುವವರು ದೂರದಲ್ಲಿ ಕುಳಿತು ನಾದವನ್ನು ಮಾತ್ರ ಅಳೆಯುತ್ತಾರೆ. ನುಡಿಸುವವರಿಗಾದರೋ ಅದೇ ನಾದವು ದವಡೆಯ ಮೂಳೆಯಿಂದಲೂ ಎಡಗೈ ಹೆಬ್ಬೆರಳಿನಿಂದಲೂ ಕಮಾನು ಹಿಡಿದ ಬೆರಳುಗಳಿಂದಲೂ ತಿಳಿಯುತ್ತದೆ. ಕಮಾನು ತಂತಿಗೆ ತಾಗಿದ ಕ್ಷಣದಿಂದ ಸ್ವರ ಹಿಡಿದು ನಿಲ್ಲುವವರೆಗಿನ ಕೂದಲೆಳೆಯಷ್ಟು ಅವಧಿಯಲ್ಲಿ ವಾದ್ಯವು ಕೈಗೆ ಹೇಗೆ ಉತ್ತರ ಕೊಡುತ್ತದೆ ಎಂಬುದು ಶ್ರೋತೃಗಳ ಗಮನಕ್ಕೆ ಬರುವುದೇ ಅಪರೂಪ. ಸಂಗೀತಗಾರರು ಒಂದು ವಾದ್ಯವನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದು ಬಹುಪಾಲು ಈ ಉತ್ತರಕ್ಕಾಗಿಯೇ ಎಂಬುದು ನನ್ನ ಅಭಿಪ್ರಾಯ.

2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. 21 ಮಂದಿ ಪಿಟೀಲುವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಮಬ್ಬುಬೆಳಕಿನ ಕೋಣೆಯಲ್ಲಿ ಆರು ಪಿಟೀಲುಗಳನ್ನು ಕೊಡಲಾಯಿತು: ಮೂರು ಹೊಸವು; ಇಟಲಿಯ ಹೆಸರಾಂತ ಹಳೆಯ ತಯಾರಕರು ಮಾಡಿದ ಎರಡು ಸ್ಟ್ರಾಡಿವೇರಿ, ಒಂದು ಗ್ವಾರ್ನೇರಿ. ಹಳೆಯ ಮರದ ವಾಸನೆಯಿಂದ ಗುರುತು ಸಿಕ್ಕಿಬಿಡಬಾರದೆಂದು ಗಲ್ಲ ಊರುವ ಜಾಗದ ಅಡಿಯಲ್ಲಿ ಸುಗಂಧವನ್ನು ಸಹ ಸವರಿದ್ದರು. ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿದ್ದು ಹೊಸ ಪಿಟೀಲನ್ನೇ. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ. ಹಳೆಯ ವಾದ್ಯಗಳ ಹಿರಿಮೆಯೆಲ್ಲ ಬರೀ ಹೆಸರಿನದು ಎಂದು ಇದರಿಂದ ತೀರ್ಮಾನಿಸಿದವರುಂಟು. ನಾನು ಅಷ್ಟು ದೂರ ಹೋಗಲಾರೆ. ಆ ಪ್ರಯೋಗ ಅಳೆದದ್ದು ಮೊದಲ ಭೇಟಿಯನ್ನು. ನಿಮ್ಮ ಹಳೆಯ ಪಿಟೀಲಿನೊಡನೆ ನಿಮಗಿರುವುದು 12 ವರ್ಷಗಳ ಒಡನಾಟ.

ಒಂದೇ ವಾದ್ಯ ಇಬ್ಬರ ಕೈಯಲ್ಲಿ ಎಷ್ಟು ಬೇರೆಯಾಗಿ ವರ್ತಿಸುತ್ತದೆ ಎಂಬುದಕ್ಕೆ ‘ದಾವಿದೋವ್’ ಎಂಬ ಚೆಲ್ಲೊ (ಕುಳಿತು ಮೊಣಕಾಲುಗಳ ನಡುವೆ ಹಿಡಿದು ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಒಳ್ಳೆಯ ನಿದರ್ಶನ. 1712ರಲ್ಲಿ ಸ್ಟ್ರಾಡಿವೇರಿ ಮಾಡಿದ ಈ ಚೆಲ್ಲೊವನ್ನು ಹಿಂದೆ ನುಡಿಸುತ್ತಿದ್ದವರು ಜಾಕ್ವೆಲಿನ್ ಡು ಪ್ರೆ, ಆಮೇಲೆ ನುಡಿಸಿದವರು ಯೊ ಯೊ ಮಾ. ಇದು ಯಾವಾಗ ಹೇಗಿರುತ್ತದೋ ಹೇಳಲಾಗದು ಎಂದು ಡು ಪ್ರೆ ಬೇಸರಪಟ್ಟುಕೊಂಡಿದ್ದರು. ತಮ್ಮ ಆವೇಶವನ್ನೆಲ್ಲ ಕಮಾನಿಗೆ ಸುರಿದು ನುಡಿಸುವ ಕಲಾವಿದೆ ಅವರು. ಮಾ ಕಂಡುಕೊಂಡದ್ದೇ ಬೇರೆ: ಈ ಚೆಲ್ಲೊದ ಮೇಲೆ ಬಲ ಹಾಕಿದಷ್ಟೂ ಅದು ಮುದುಡಿಕೊಳ್ಳುತ್ತದೆ, ರಮಿಸಿ ಕರೆದರೆ ಮಾತ್ರ ಓಗೊಡುತ್ತದೆ. ಮರ, ವಾರ್ನಿಷು, ವಯಸ್ಸು ಎಲ್ಲವೂ ಅವೇ ಆಗಿದ್ದೂ ಒಬ್ಬರಿಗೆ ಅದು ಹಟಮಾರಿ, ಇನ್ನೊಬ್ಬರಿಗೆ ಸಂಗಾತಿ. ಯಾವ ವಾದ್ಯ ಮೇಲು ಎಂಬ ಪ್ರಶ್ನೆಗೆ ‘ಯಾರ ಕೈಗೆ’ ಎಂಬ ಮಾತು ಸೇರದ ಹೊರತು ಉತ್ತರ ಸಿಗುವುದಿಲ್ಲ.

ಪಿಯಾನೊ ವಾದಕರ ಪಾಡು ಇನ್ನೂ ವಿಚಿತ್ರ. ವಾದ್ಯವನ್ನು ಬೆನ್ನಿಗೆ ಹಾಕಿಕೊಂಡು ಹೋಗಲಾಗದ್ದರಿಂದ ಸಭಾಂಗಣದಲ್ಲಿ ಇರುವುದರ ಜೊತೆಗೇ ಅವರು ಹೊಂದಿಕೊಳ್ಳಬೇಕು. ಕೆನಡಾದ ಗ್ಲೆನ್ ಗೂಲ್ಡ್ ಮಾತ್ರ ಇದಕ್ಕೆ ಒಪ್ಪಿದವರಲ್ಲ. ಸ್ಟೈನ್‌ವೇ ಕಂಪನಿಯ ‘ಸಿಡಿ 318’ ಎಂಬ ಒಂದೇ ಪಿಯಾನೊವನ್ನು ಅವರು ಮೆಚ್ಚಿಕೊಂಡು, ಅದರ ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ಬೆರಳು ಸೋಕಿದರೆ ಸಾಕು ತಗ್ಗುವಷ್ಟು ಹಗುರವಾಗುವಂತೆ ಮತ್ತೆ ಮತ್ತೆ ತಿದ್ದಿಸಿಕೊಂಡರು. ಬೇರೆಯವರಿಗೆ ಅದು ತೀರಾ ಸಡಿಲವೆನಿಸಿದ್ದರೆ ಆಶ್ಚರ್ಯವಿಲ್ಲ. ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿಸಬೇಕೆಂದಿದ್ದ ಗೂಲ್ಡ್‌ಗೆ ಬೇಕಾಗಿದ್ದುದೇ ಅದು. 1971ರಲ್ಲಿ ಸಾಗಣೆಯ ವೇಳೆ ಆ ಪಿಯಾನೊ ಕೆಳಗೆ ಬಿದ್ದು ಜಖಂಗೊಂಡಿತು. ದುರಸ್ತಿ ನಡೆದರೂ ಹಿಂದಿನ ಸ್ಪರ್ಶ ಮರಳಲಿಲ್ಲ. ತಂದೆ ತಮಗಾಗಿ ಕಾಲು ಕತ್ತರಿಸಿ ತಗ್ಗಿಸಿಕೊಟ್ಟ ಮಡಚುವ ಕುರ್ಚಿಯನ್ನು ಕೂಡ ಗೂಲ್ಡ್ ಕೊನೆಯವರೆಗೂ ಬಿಡಲಿಲ್ಲ, ಕೂರುವ ಭಾಗ ಸವೆದು ಚೌಕಟ್ಟಷ್ಟೇ ಉಳಿದ ಮೇಲೂ. ಇದನ್ನು ಹುಚ್ಚು ಎಂದು ನಗುವುದು ಸುಲಭ. ಆದರೆ ಕುರ್ಚಿ ಎರಡು ಅಂಗುಲ ಏರಿದರೆ ಮಣಿಕಟ್ಟಿನ ಕೋನ ಬದಲಾಗುತ್ತದೆ, ಅದರೊಂದಿಗೆ ಸ್ವರದ ತೂಕವೂ ಬದಲಾಗುತ್ತದೆ.

ಇಲ್ಲಿ ನನ್ನದೇ ಒಂದು ಮಾತು ಸೇರಿಸುತ್ತೇನೆ. ನನ್ನ ಪಿಟೀಲಿನಲ್ಲಿ ಕೆಳಗಿನ ತಂತಿಯ ಮೇಲ್ಭಾಗದ ಒಂದು ಸ್ವರ ತೊದಲುತ್ತದೆ. ತಂತಿಯ ಕಂಪನವೂ ವಾದ್ಯದ ಒಡಲಿನ ಸ್ವಂತ ಕಂಪನವೂ ಒಂದೇ ಜಾಗದಲ್ಲಿ ಬಲವಾಗಿ ಎದುರಾದಾಗ ಹೀಗಾಗುತ್ತದೆ. ಚೆಲ್ಲೊ ನುಡಿಸುವವರಿಗೆ ಇದು ನಿತ್ಯದ ಕಾಟವಾದ್ದರಿಂದ ಅವರು ಆ ಸ್ವರ ಬಂದಾಗ ವಾದ್ಯವನ್ನು ಮೊಣಕಾಲುಗಳಿಂದ ಒತ್ತಿ ಹಿಡಿಯುತ್ತಾರೆ. ನಾನಾದರೋ ಆ ಸ್ವರ ಹತ್ತಿರವಾಗುತ್ತಿದ್ದಂತೆ ಕಮಾನನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಕಡೆಗೆ ಒಂದಿಷ್ಟು ಸರಿಸುತ್ತೇನೆ. ಹಾಗೆ ಸರಿಸುತ್ತೇನೆಂಬುದು ಬೇರೆಯವರ ಪಿಟೀಲು ಕೈಗೆತ್ತಿಕೊಂಡು, ತೊದಲದ ಸ್ವರಕ್ಕೂ ಸರಿಸಿದ ದಿನವೇ ನನಗೆ ತಿಳಿದದ್ದು. ನಿಮ್ಮ ಹಳೆಯ ಪಿಟೀಲಿನಲ್ಲೂ ಇಂಥ ಕುಂದುಗಳು ಇದ್ದೇ ಇರುತ್ತವೆ; ಅವನ್ನು ದಾಟುವ ದಾರಿ ನಿಮ್ಮ ಕೈಗೆ ಕಂಠಪಾಠವಾಗಿದೆ. ಹೊಸದರಲ್ಲಿ ಆ ಕುಂದುಗಳಿಲ್ಲ, ಆದರೆ ಕೈ ಇನ್ನೂ ಹಳೆಯ ದಾರಿಯನ್ನೇ ಹಿಡಿಯುತ್ತಿದೆ.

ಕೆಲವೊಮ್ಮೆ ಕುಂದೇ ಗುಣವಾಗುವುದೂ ಉಂಟು. 1953ರಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಡಿಜ್ಜಿ ಗಿಲೆಸ್ಪಿಯವರ ಟ್ರಂಪೆಟ್ಟಿನ (ಊದುವ ಹಿತ್ತಾಳೆಯ ತುತ್ತೂರಿಯ) ಮೇಲೆ ಯಾರೋ ಬಿದ್ದು ಅದರ ಬಾಯಿ ಮೇಲ್ಮುಖವಾಗಿ ಬಾಗಿತು. ಊದಿ ನೋಡಿದಾಗ ತಮ್ಮ ನಾದ ತಮಗೇ ಚೆನ್ನಾಗಿ ಕೇಳಿಸಿದ್ದರಿಂದ ಮುಂದೆ ಅವರು ತಮ್ಮ ಟ್ರಂಪೆಟ್ಟುಗಳನ್ನು ಅದೇ ಆಕಾರದಲ್ಲಿ ಮಾಡಿಸಿಕೊಂಡರು.

ಮಮತೆಯ ಪಾಲು ಇಲ್ಲವೆನ್ನುವುದಿಲ್ಲ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ 1949ರಲ್ಲಿ ಬೆಂಕಿ ಬಿದ್ದ ಕುಣಿತದ ಮನೆಯೊಳಗೆ ಗಿಟಾರ್ ತರಲು ಮತ್ತೆ ನುಗ್ಗಿದರು. ಆ ಅನಾಹುತಕ್ಕೆ ಮೂಲವಾದದ್ದು ಲುಸಿಲ್ ಎಂಬ ಹೆಣ್ಣಿಗಾಗಿ ಇಬ್ಬರ ನಡುವೆ ನಡೆದ ಹೊಡೆದಾಟ ಎಂದು ತಿಳಿದು ಗಿಟಾರಿಗೆ ಅದೇ ಹೆಸರಿಟ್ಟರು. ಆದರೆ ಆಮೇಲೆ ಅವರು ನುಡಿಸಿದ ಗಿಟಾರುಗಳೆಲ್ಲವೂ ಲುಸಿಲ್‌ಗಳೇ ಎಂಬುದನ್ನು ಗಮನಿಸಿ. ಮಮತೆ ಒಂದು ವಾದ್ಯದಿಂದ ಇನ್ನೊಂದಕ್ಕೆ ಹಾಯಬಲ್ಲದು. ಕೈಯ ಅಭ್ಯಾಸ ಅಷ್ಟು ಬೇಗ ಹಾಯುವುದಿಲ್ಲ.

ನುಡಿಸಿದಷ್ಟೂ ವಾದ್ಯ ತೆರೆದುಕೊಳ್ಳುತ್ತದೆ ಎಂಬ ನಂಬಿಕೆಯನ್ನು ಆಧಾರ ಮಾಡಿಕೊಂಡು ಹೊಸದು ತೆರೆದುಕೊಳ್ಳಲೆಂದು ಕಾಯುತ್ತ ಕೂರಬೇಡಿ. ಆಸ್ಟ್ರೇಲಿಯಾದಲ್ಲಿ ಒಂದೇ ಮರದಿಂದ ಎರಡು ಪಿಟೀಲು ಮಾಡಿಸಿ, ಒಂದನ್ನು ವೃತ್ತಿಪರರಿಗೆ ನುಡಿಸಲು ಕೊಟ್ಟು ಇನ್ನೊಂದನ್ನು ವಸ್ತುಸಂಗ್ರಹಾಲಯದಲ್ಲಿಟ್ಟು ಮೂರು ವರ್ಷಗಳ ಬಳಿಕ ಹೋಲಿಸಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಳಗುವುದು ಬಹುಮಟ್ಟಿಗೆ ನುಡಿಸುವವರೇ.

ಆದ್ದರಿಂದ ಹಳೆಯದನ್ನು ಈಗಲೇ ಮಾರಬೇಡಿ. ಮೊದಲು ಎರಡಕ್ಕೂ ಒಂದೇ ಬಗೆಯ ತಂತಿ ಹಾಕಿ, ಕುದುರೆಯ ಎತ್ತರವನ್ನೂ ತಂತಿಗೂ ಬೆರಳು ಹಲಗೆಗೂ ಇರುವ ಅಂತರವನ್ನೂ ಹಳೆಯದರಂತೆಯೇ ಮಾಡಿಸಿ. ಗಲ್ಲ ಊರುವ ಆಸರೆಯನ್ನು ಸಹ ಹಳೆಯದರದ್ದನ್ನೇ ಕೂರಿಸಿ. ‘ಹೊಸದು ಕೈಗೆ ಒಗ್ಗಲಿಲ್ಲ’ ಎನ್ನುವ ಎಷ್ಟೋ ದೂರುಗಳು ಇಷ್ಟರಲ್ಲೇ ಅರ್ಧ ಇಳಿಯುತ್ತವೆ. ಬಳಿಕ ಎರಡು ತಿಂಗಳು ಹೊಸದನ್ನು ಮಾತ್ರ ನುಡಿಸಿ, ಹಳೆಯದರ ಪೆಟ್ಟಿಗೆಯನ್ನು ತೆರೆಯಲೇಬೇಡಿ. ಅದಾದ ಮೇಲೂ ಹಳೆಯದೇ ಕೈಗೆ ಹಿತವೆನಿಸಿದರೆ, ಮಾರಬೇಕಾದದ್ದು ಹೊಸದನ್ನು.