ಒಂದೇ ಅಳಿವೆ, ಒಂದು ಕಡೆ ಚಿಪ್ಪು, ಇನ್ನೊಂದು ಕಡೆ ಬರೀ ಹುಳ: ಯಾಕೆ?

ಕಾರವಾರದ ಕಾಳಿ ಅಳಿವೆಯಲ್ಲಿ ಹತ್ತಿರಹತ್ತಿರವೇ ತೆಗೆದ ಎರಡು ಮಾದರಿಗಳಲ್ಲಿ ಜೀವಿಗಳು ಇಷ್ಟು ಬೇರೆ ಯಾಕೆ, ಧಾರವಾಡದ ಲ್ಯಾಬಿನಲ್ಲಿ ಏನೇನು ಅಳೆಯಬೇಕು ಅಂತ ಕೇಳಿದ್ದೀರಿ.

ಮೊದಲು ತಳದ ಮಣ್ಣು ನೋಡಿ. ಎರೆ ಹೊಲದ ಬೆಳೆ ಬೇರೆ, ಮಸಾರಿ ಹೊಲದ ಬೆಳೆ ಬೇರೆ ಅನ್ನೋದನ್ನ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ, ಇಲ್ಲೂ ಹಾಗೇ. ಸೆಳೆತ ಜೋರಿದ್ದಲ್ಲಿ ನುಣುಪು ಕಣ ನಿಲ್ಲದೆ ಮರಳು ಉಳಿಯುತ್ತದೆ, ನೀರು ಸೋಸಿ ತಿನ್ನುವ ಚಿಪ್ಪುಜೀವಿಗಳಿಗೆ ಅದು ಅನುಕೂಲ. ನೀರು ನಿಧಾನವಾದಲ್ಲಿ ಕೆಸರೂ ಕೊಳೆತ ಕಸವೂ ಕೂರುತ್ತವೆ. ಸೋಸುವವುಗಳ ಕಿವಿರು ಅದರಲ್ಲಿ ಕಟ್ಟಿಕೊಳ್ಳುತ್ತದೆ. ಕೆಸರನ್ನೇ ನುಂಗುವ ಪಾಲಿಕೀಟ್ ಹುಳಗಳಿಗೆ ಅದೇ ಊಟ. ಕೊಳೆ ಅತಿಯಾದರೆ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸುತ್ತವೆ, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಆಗ ಕ್ಯಾಪಿಟೆಲ್ಲಾದಂಥ ಸಣ್ಣ ಹುಳಗಳು ಕಿಕ್ಕಿರಿಯುತ್ತವೆ, ಉಳಿದ ಜಾತಿ ಕಾಣೆ. ಬರೀ ಒಟ್ಟು ಸಂಖ್ಯೆ ನೋಡಿ ತಳ ಚೆನ್ನಾಗಿದೆ ಅಂತ ಬರೆದುಬಿಡಬೇಡಿ.

ನನ್ನ ಮಟ್ಟಿಗೆ ನಮ್ಮ ಕರಾವಳಿಯಲ್ಲಿ ಇದೆಲ್ಲಕ್ಕಿಂತ ದೊಡ್ಡ ಯಜಮಾನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಹಿನೀರು ನುಗ್ಗಿ ಉಪ್ಪಿನಂಶ ಕುಸಿಯುತ್ತದೆ, ತಾಳದವು ಸಾಯುತ್ತವೆ. ಮಳೆ ನಿಂತ ಮೇಲೆ ಲಾರ್ವಾಗಳು (ಈ ಜೀವಿಗಳ ಮರಿಗಳು) ಬಂದು ಹೊಸದಾಗಿ ನೆಲೆಸುತ್ತವೆ. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆಯ ನಂತರ ಮೂರೂ ಸಲ ಮಾದರಿ ಬೇಕು.

ಪ್ರತಿ ಜಾಗದಲ್ಲಿ ವ್ಯಾನ್ ವೀನ್ ಗ್ರ್ಯಾಬ್ (ತಳದ ಮಣ್ಣನ್ನು ಕಚ್ಚಿ ತರುವ ದವಡೆಯಂಥ ಸಾಧನ) 3 ಸಲ ಜೀವಿಗಳಿಗೆ, 1 ಸಲ ಮಣ್ಣಿಗೆ ಇಳಿಸಿ. ದವಡೆಯಲ್ಲಿ ಚಿಪ್ಪು ಸಿಕ್ಕಿ ಬಾಯಿ ಪೂರ್ತಿ ಮುಚ್ಚದಿದ್ದರೆ ಮೇಲೆ ಬರುವಷ್ಟರಲ್ಲಿ ಕೆಸರು ಸೋರಿಹೋಗಿರುತ್ತದೆ. ಅದನ್ನು ಚೆಲ್ಲಿ ಮತ್ತೆ ಇಳಿಸಿ. 0.5 ಮಿ.ಮೀ. ಜರಡಿಯಲ್ಲಿ ಆ ಜಾಗದ ನೀರಿನಿಂದಲೇ ತೊಳೆಯಿರಿ, ನಲ್ಲಿ ನೀರಿಗೆ ಹುಳ ಉಬ್ಬಿ ಒಡೆಯುತ್ತವೆ. ಜೀವಿಗಳು ಕೊಳೆಯದಂತೆ ಇಡುವ ದ್ರಾವಣಕ್ಕೆ ಬಾಟಲಿಯಲ್ಲಿ ಬಂದ ಫಾರ್ಮಲಿನ್ 1 ಪಾಲು, ಸಮುದ್ರದ ನೀರು 9 ಪಾಲು, ಒಂದಿಷ್ಟು ಬೋರಾಕ್ಸ್. ಬೋರಾಕ್ಸ್ ಮರೆತರೆ ದ್ರಾವಣ ಹುಳಿಯಾಗಿ ಸಣ್ಣ ಚಿಪ್ಪುಗಳು ಕರಗಿಹೋಗುತ್ತವೆ. ರೋಸ್ ಬೆಂಗಾಲ್ ಅನ್ನೋ ಬಣ್ಣ ಹಾಕಿದರೆ ಜೀವಿಗಳು ಗುಲಾಬಿ ಬಣ್ಣಕ್ಕೆ ತಿರುಗಿ ಹೆಕ್ಕುವುದು ಸುಲಭ. ಹುಳ ತುಂಡಾಗಿರುತ್ತವೆ, ತಲೆ ಮಾತ್ರ ಎಣಿಸಿ. ಗ್ರ್ಯಾಬ್ 0.04 ಚದರ ಮೀಟರಿನದಾದರೆ ಒಂದು ಗ್ರ್ಯಾಬಿನ ಎಣಿಕೆಗೆ 25ರಿಂದ ಗುಣಿಸಿ, ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ.

ಮಣ್ಣಿನ ಮಾದರಿಗೆ ಫಾರ್ಮಲಿನ್ ಸೋಕಿಸಬೇಡಿ. ಅರಬೈಲು ಘಟ್ಟ ಹತ್ತಿ ಲ್ಯಾಬ್ ಮುಟ್ಟುವತನಕ ಐಸ್ ಪೆಟ್ಟಿಗೆಯಲ್ಲೇ ಇರಲಿ. ಕೊಳೆತ ಕಸ ಎಷ್ಟಿದೆ ಅಂತ ತೋರಿಸುವ ಸಾವಯವ ಇಂಗಾಲ ಅಳೆಯಲು ಹೊಲದ ಮಣ್ಣಿಗೆ ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನವೇ ಸಾಕು. ಆದರೆ ಉಪ್ಪಿನ ಕ್ಲೋರೈಡ್ ಕೂಡ ಆ ವಿಧಾನದಲ್ಲಿ ಬಳಸುವ ಡೈಕ್ರೋಮೇಟ್ ರಾಸಾಯನಿಕವನ್ನು ತಿಂದು ಇಂಗಾಲ ಜಾಸ್ತಿ ತೋರಿಸುತ್ತದೆ, ಆಸಿಡ್‌ಗೆ ಸಿಲ್ವರ್ ಸಲ್ಫೇಟ್ ಸೇರಿಸಲು ಲ್ಯಾಬಿನವರಿಗೆ ಮೊದಲೇ ಹೇಳಿ.