ಹೆಂಡತಿಗೆ ಎಸ್‌ಎಸ್‌ಎನ್ ಬಂತು, ಹಳೆಯ ಐಟಿನ್ ಏನು ಮಾಡೋದು?

ಪ್ರಶ್ನೆ: ಮೇಡಂ, ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. ನಾನು ಎಚ್‌-1ಬಿ (ಉದ್ಯೋಗ ವೀಸಾ), ಹೆಂಡತಿ ಎಚ್‌-4 (ಅವಲಂಬಿತರ ವೀಸಾ). 2019ರಿಂದ ಅವಳ ಐಟಿನ್ (ತೆರಿಗೆಗೆಂದೇ ಕೊಡುವ ನಂಬರ್) ಹಾಕಿ ಜಂಟಿ ರಿಟರ್ನ್ ಸಲ್ಲಿಸುತ್ತಿದ್ದೇವೆ. ಈಗ ಅವಳಿಗೆ ಇಎಡಿ (ಕೆಲಸದ ಪರವಾನಗಿ) ಸಿಕ್ಕಿದೆ, ಹೋದ ತಿಂಗಳು ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಇರುವ ಕಾರ್ಡೂ ಬಂತು. ಹೋದ ವರ್ಷದ ರಿಟರ್ನ್ ಇನ್ನೂ ಸಲ್ಲಿಸಿಲ್ಲ. ಅದಕ್ಕೆ ಯಾವ ನಂಬರ್ ಹಾಕಬೇಕು? ಆ ವರ್ಷ ಅವಳಿಗೆ ಎಸ್‌ಎಸ್‌ಎನ್ ಇರಲಿಲ್ಲವಲ್ಲ! ಹಳೆಯ ರಿಟರ್ನ್‌ಗಳನ್ನೂ ತಿದ್ದಬೇಕಾ?
– ಓದುಗರು, ಪ್ಲೇನೋ

ಉತ್ತರ: ಮೊದಲು ನಿಮ್ಮ ಮನೆಯವರಿಗೆ ನನ್ನ ಅಭಿನಂದನೆ ಹೇಳಿ. ಎಚ್‌-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡಲು ಶುರುವಾದದ್ದು 2015ರ ಮೇ ತಿಂಗಳಲ್ಲಿ. ನನ್ನ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬಂದದ್ದು ಮರುವರ್ಷ. ಅಂಚೆ ಡಬ್ಬಿಯ ಹತ್ತಿರವೇ ನಿಂತು ಲಕೋಟೆ ಒಡೆದಿದ್ದೆ. ತೆಳು ಕಾಗದದ ಕಾರ್ಡ್, ನನ್ನ ಹೆಸರು, ಅದರ ಮೇಲೆ ಪರವಾನಗಿ ಇದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಅನ್ನುವ ಒಂದು ಸಾಲು. ಆ ದಿನ ಎಷ್ಟು ಖುಷಿಯಾಗಿತ್ತು ಅಂತ ನನಗೆ ಗೊತ್ತು.

ಈಗ ನಿಮ್ಮ ಪ್ರಶ್ನೆ. ರಿಟರ್ನ್ ಯಾವ ವರ್ಷದ್ದೇ ಆಗಿರಲಿ, ಸಲ್ಲಿಸುವ ಹೊತ್ತಿಗೆ ಎಸ್‌ಎಸ್‌ಎನ್ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು. ಐಟಿನ್ ಇರುವುದು ಎಸ್‌ಎಸ್‌ಎನ್ ಸಿಗದವರಿಗೆ, ಅದೂ ತೆರಿಗೆ ಕೆಲಸಕ್ಕಷ್ಟೇ. ಎರಡನ್ನೂ ಬಳಸುವ ಹಾಗಿಲ್ಲ. ತೆರಿಗೆ ಸಾಫ್ಟ್‌ವೇರ್ ಹೋದ ವರ್ಷದ ನಂಬರನ್ನೇ ಎಳೆದು ತಂದಿರುತ್ತದೆ, ಅದನ್ನು ನೀವೇ ಬದಲಿಸಿ. 9ರಿಂದ ಶುರುವಾಗುವ ನಂಬರ್ ಕಂಡರೆ ಅದು ಹಳೆಯ ಐಟಿನ್. ಹೆಸರೂ ಕಾರ್ಡಿನಲ್ಲಿ ಇದ್ದ ಹಾಗೆಯೇ ಇರಲಿ. ನಮ್ಮವರಿಗೆ ತೊಂದರೆ ಜಾಸ್ತಿ ಆಗುವುದು ಇಲ್ಲೇ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಗಂಡನ ಹೆಸರು, ಮತ್ತೊಂದು ಕಡೆ ಬರೀ ಇನಿಷಿಯಲ್. ಹೆಸರು, ನಂಬರ್ ತಾಳೆಯಾಗದಿದ್ದರೆ ಇ-ಫೈಲ್ ವಾಪಸ್ ಬರುತ್ತದೆ.

ನಂಬರ್ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಹಳೆಯ ರಿಟರ್ನ್ ತಿದ್ದಬೇಕಿಲ್ಲ. ಆದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಒಂದು ಪತ್ರ ಬರೆಯಲೇಬೇಕು. ಹಲವರು ಸುಮ್ನೆ ಹೊಸ ನಂಬರ್ ಹಾಕಿ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಪತ್ರ ಹೋದ ಮೇಲೆ ಅವರು ಐಟಿನ್ ರದ್ದು ಮಾಡಿ, 2019ರಿಂದ ಈಚಿನ ದಾಖಲೆಯನ್ನೆಲ್ಲ ಎಸ್‌ಎಸ್‌ಎನ್‌ಗೆ ಜೋಡಿಸುತ್ತಾರೆ. ಇಲ್ಲದಿದ್ದರೆ ನಾಳೆ ನಿಮ್ಮ ಮನೆಯವರು ದುಡಿದು ಕಟ್ಟಿದ ತೆರಿಗೆ ಪೂರ್ತಿ ಲೆಕ್ಕಕ್ಕೆ ಬಾರದೆ ರೀಫಂಡ್ ಕಡಿಮೆಯಾಗಬಹುದು.

ಇದಕ್ಕೆ ಫಾರಂ ಏನೂ ಇಲ್ಲ. ಬಿಳಿ ಹಾಳೆಯಲ್ಲಿ ಪೂರ್ತಿ ಹೆಸರು, ವಿಳಾಸ, ಐಟಿನ್ ಬರೆದು, ಈಗ ಎಸ್‌ಎಸ್‌ಎನ್ ಬಂದಿದೆ, ಎರಡರ ದಾಖಲೆಯನ್ನೂ ಒಂದು ಮಾಡಿ ಅಂತ ಕೇಳಿದರೆ ಸಾಕು. ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಜೆರಾಕ್ಸ್ ಇಡಿ. ಐಟಿನ್ ಕೊಟ್ಟಾಗ ಬಂದಿದ್ದ ಸಿಪಿ 565 ನೋಟಿಸ್ ಸಿಕ್ಕರೆ ಅದರ ಪ್ರತಿಯನ್ನೂ ಸೇರಿಸಿ. ವಿಳಾಸ: ಇಂಟರ್ನಲ್ ರೆವೆನ್ಯೂ ಸರ್ವಿಸ್, ಆಸ್ಟಿನ್, ಟೆಕ್ಸಾಸ್ 73301-0057. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ರಸೀದಿ ಜೋಪಾನ.

ಬ್ಯಾಂಕನ್ನು ಮರೆಯಬೇಡಿ. ನಾನು ಮರೆತಿದ್ದೆ. ಉಳಿತಾಯ ಖಾತೆಯ ಬಡ್ಡಿಗೆ ಬರುವ 1099 ಫಾರಂ ಎರಡು ವರ್ಷ ಹಳೆಯ ಐಟಿನ್‌ನಲ್ಲೇ ಬಂತು. ಕೊನೆಗೆ ಬ್ಯಾಂಕಿಗೆ ಹೋಗಿ ಹೊಸ ನಂಬರ್ ತಿಳಿಸುವ ಡಬ್ಲ್ಯು-9 ಫಾರಂ ತುಂಬಿಕೊಟ್ಟ ಮೇಲೆ ಸರಿಹೋಯಿತು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ರಾಜ್ಯದ ತೆರಿಗೆ ಇಲಾಖೆಗೆ ತಿಳಿಸುವ ಕೆಲಸ ನಿಮಗಿಲ್ಲ.

ಇನ್ನೊಂದು ಮಾತು. ಊರಲ್ಲಿ ಗಂಡ-ಹೆಂಡತಿ ಬೇರೆ ಬೇರೆ ಪ್ಯಾನ್, ಬೇರೆ ಬೇರೆ ರಿಟರ್ನ್. ಇಲ್ಲಿ ಜಂಟಿ ಅಂದ ಕೂಡಲೇ ಕಾಗದಪತ್ರವೆಲ್ಲ ಗಂಡನ ಫೈಲಿಗೆ ಹೋಗಿಬಿಡುತ್ತದೆ. ಈ ಪತ್ರವನ್ನು ನಿಮ್ಮ ಮನೆಯವರೇ ಬರೆಯಲಿ, ಅವರೇ ಸಹಿ ಹಾಕಲಿ. ಅದರ ಒಂದು ಪ್ರತಿ, ಆ ರಸೀದಿ, ಹೊಸ ಕಾರ್ಡ್, ಮೂರೂ ಅವರದೇ ಫೈಲಿನಲ್ಲಿರಲಿ. ಕಾರ್ಡಿಗೆ ಮಾತ್ರ ಲ್ಯಾಮಿನೇಷನ್ ಬೇಡ.